ಬೆರಳು ಗುಡ್ಡದ ಕಡೆಗೆ

ನಮ್ಮೂರಲ್ಲಿ ನೆಲ ಅಗೆದರೆ ನೆಲವೇ ಸಿಗುತ್ತದೆ. ಮೊದಲು ಒಂದಿಷ್ಟು ಮಣ್ಣು, ಅದರ ಕೆಳಗೆ ಯಾರೋ ಸಾರಿಸಿದ ನೆಲ, ಒಂದು ಒಲೆ, ಒಂದು ಒರಳು, ಒಡೆದ ಗಡಿಗೆ. ಅದನ್ನೂ ಅಗೆದರೆ ಮತ್ತೆ ಮಣ್ಣು, ಮತ್ತೆ ಒಲೆ, ಮತ್ತೆ ಒರಳು. ತಳ ಕಂಡವರು ಒಬ್ಬರೂ ಇಲ್ಲ. ಬೇರೆ ಊರಿನವರು ಬಾವಿ ತೋಡಿದರೆ ನೀರು ಕಾಣುತ್ತಾರೆ, ನಾವು ಇನ್ನೊಬ್ಬರ ಅಡುಗೆಮನೆ ಕಾಣುತ್ತೇವೆ. ಹಾಗಾಗಿ ನಮ್ಮಲ್ಲಿ ಬಾವಿ ಅಂತ ಇಲ್ಲ. ಕುಡಿಯೋದಕ್ಕೂ ಕೆರೆ, ಬಟ್ಟೆ ಒಗೆಯೋದಕ್ಕೂ ಕೆರೆ.

ಇದರಲ್ಲಿ ಮೆರೆಯುವಂಥದ್ದು ಏನಿದೆ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಆದರೆ ನಮ್ಮವರ ಜಂಬ ಕೇಳಬೇಕು. ನಮ್ಮೂರಿಗೆ ಆದಿಯೇ ಇಲ್ಲ, ನಮ್ಮದು ಅನಾದಿ ಊರು, ಪಕ್ಕದೂರಿನವರೆಲ್ಲ ನಿನ್ನೆ ಮೊನ್ನೆ ಬಂದು ಗುಡಿಸಲು ಹಾಕಿಕೊಂಡವರು ಅಂತ ಮೂಗು ಮುರಿದು ಮಾತಾಡುವುದು. ಸಂಬಂಧ ಕೇಳಲು ಬಂದವರಿಗೆ ಕಾಫಿ ಕೊಡುವ ಮೊದಲು ಹಿತ್ತಲಿಗೆ ಕರೆದುಕೊಂಡು ಹೋಗಿ ಗುಂಡಿ ತೋರಿಸಬೇಕು. ಇದಕ್ಕೆ ಆಳ ನೋಡುವ ಶಾಸ್ತ್ರ ಅಂತ ಹೆಸರು. ಗುಂಡಿಯ ಗೋಡೆಯಲ್ಲಿ ಒಂದರ ಕೆಳಗೊಂದು ಒಲೆಗಳು ಕಾಣಬೇಕು. ಎರಡೂ ಕಡೆಯ ಹಿರಿಯರು ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಇಣುಕಿ ನೋಡಿ, "ಆಳದ ಮನೆತನ, ಪರವಾಗಿಲ್ಲ" ಅಂತ ತಲೆಯಾಡಿಸಬೇಕು. ಹುಡುಗ ಕುಡಿಯುತ್ತಾನಾ, ಹುಡುಗಿಗೆ ಅವನನ್ನು ಕಂಡರೆ ಆಗುತ್ತದಾ, ಅದೆಲ್ಲ ಆಮೇಲಿನ ಮಾತು.

ಗುಂಡಿ ತೋಡುವಾಗ ಪ್ರತಿ ನೆಲದ ಹತ್ತಿರವೂ ಒಂದು ಕಲ್ಲು ಸಿಗುತ್ತಿತ್ತು. ಕಲ್ಲಿನಲ್ಲಿ ಕೆತ್ತಿದ ಒಂದು ಕೈ, ಮಣಿಕಟ್ಟಿನವರೆಗೆ, ಬೆರಳುಗಳು ಕೂಡಿಕೊಂಡಿರುತ್ತಿದ್ದವು. ಅದು ಯಾವಾಗಲೂ ಅಂಗಾತ ಬಿದ್ದಿರುತ್ತಿತ್ತು, ಬೆರಳು ಗುಡ್ಡದ ಕಡೆಗೆ. ನಮ್ಮವರು ಅಯ್ಯೋ ಪಾಪ, ಬಿದ್ದುಹೋಗಿದೆ ಅಂತ ಎತ್ತಿ, ತೊಳೆದು, ಬೆರಳು ಮೇಲೆ ಮಾಡಿ ನೆಟ್ಟಗೆ ನಿಲ್ಲಿಸಿ, ಅರಿಶಿನ ಕುಂಕುಮ ಹಚ್ಚುತ್ತಿದ್ದರು. ನಿಲ್ಲಿಸಿದರೆ ಅಭಯ ಹಸ್ತವೇ. ಹೆದರಬೇಡಿ, ನಾವಿದ್ದೇವೆ ಅಂತ ಪೂರ್ವಿಕರು ಹೇಳುತ್ತಿದ್ದಾರಂತೆ. ನಾನೂ ಮದುವೆಯಾಗಿ ಬಂದಾಗಿನಿಂದ ಅದಕ್ಕೆ ಕೈಮುಗಿದವಳೇ.

ನಮ್ಮ ಮನೆಯವರ ಹೆಸರು ಗೌರೀಶಯ್ಯ, ಊರಿಗೆಲ್ಲ ಗೌರೀಶ ಮೇಷ್ಟ್ರು. ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುತ್ತಿದ್ದರು. ಬಡಕಲು ಮೈ, ಬೇಸಿಗೆಯಲ್ಲೂ ಕೋಟು. ಸೊಪ್ಪು ತರಲು ಕಳಿಸಿದರೆ ಸೊಪ್ಪಿನವಳ ಹತ್ತಿರ ವಾದ ಗೆದ್ದು ಬರುತ್ತಿದ್ದರು, ಸೊಪ್ಪು ಅಲ್ಲೇ ಬಿಟ್ಟು. ನಮ್ಮ ಮನೆ ಗುಡ್ಡದ ಇಳಿಜಾರಿನಲ್ಲಿತ್ತು, ಅಲ್ಲಿ ಒಂದು ಮೊಳ ಅಗೆದರೆ ಬಂಡೆ. ತಳವಿಲ್ಲದ ಊರಿನಲ್ಲಿ ತಳವಿದ್ದ ದರಿದ್ರರು ನಾವು. ಮಗಳು ಇಂದುಮತಿಯನ್ನು ನೋಡಲು ಬಂದಾಗ ಗುಂಡಿಯಲ್ಲಿ ಹಾವಿದೆ ಅಂತ ಸುಳ್ಳು ಹೇಳಿ ಮೇಲೆ ಹಲಗೆ ಮುಚ್ಚಿದ್ದೆವು. ಆದರೂ ಸಂಬಂಧ ಕೂಡಿ ಬಂತು, ಅದೂ ತಗ್ಗಿನ ಬೀದಿಯ ಶಾಂತವೀರಮ್ಮನವರ ಮನೆಗೆ. ಕೆರೆ ಏರಿಯ ಬುಡದಲ್ಲೇ ಇದ್ದ ಆ ಮನೆಯ ಗುಂಡಿ ಊರಿಗೇ ಆಳದ್ದು. ಅವರ ಮಗ ಪಂಚಾಕ್ಷರಿ ನಮ್ಮವರ ಶಿಷ್ಯ. ಗುರುಗಳ ಮಗಳನ್ನೇ ಆಗುತ್ತೇನೆ ಅಂತ ಹಟ ಹಿಡಿದ. ಗುರುಗಳ ಮೇಲೆ ಅವನಿಗೆ ಅಷ್ಟು ಭಕ್ತಿ ಬರಲು ಕಾರಣ ಅವರ ಒಂದು ವಾದ.

ಆ ವಾದ ಹುಟ್ಟಿದ್ದು ಪುರಸಭೆಯಲ್ಲಿ. ಕೆರೆ ತುಂಬಿ ಹೆಚ್ಚಾದ ನೀರು ಹರಿದುಹೋಗಲಿ ಅಂತ ಏರಿಯ ಒಂದು ಪಕ್ಕ ಕೋಡಿ ಇರುತ್ತದಲ್ಲ, ಅಧ್ಯಕ್ಷ ಕಲ್ಲೇಶಪ್ಪನಿಗೆ ಅದರ ಮೇಲೆ ಕಣ್ಣು ಬಿತ್ತು. ಕೋಡಿಯ ಬಾಯಿ ಮುಚ್ಚಿ ಅಲ್ಲಿ ಅಂಗಡಿ ಸಾಲು, ಒಂದು ಕಲ್ಯಾಣ ಮಂಟಪ ಕಟ್ಟಿಸುವ ಆಸೆ. ಏರಿ ಒಡೆದರೆ ಏನು ಗತಿ ಅಂತ ಯಾರೋ ಒಬ್ಬ ಕೇಳಿದ. ಕಲ್ಲೇಶಪ್ಪ ನಮ್ಮವರ ಮುಖ ನೋಡಿದ. ನಮ್ಮವರಿಗೆ ಕೇಳಿದ್ದೇ ಸಾಕು, ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡರು. "ಊರಿಗೆ ಆದಿ ಇಲ್ಲ, ಇದನ್ನು ಒಪ್ಪುತ್ತೀರಾ?" ಎಲ್ಲರೂ ಒಪ್ಪಿದರು. "ಹಾಗಾದರೆ ಹಿಂದೆ ಕಳೆದ ದಿನಗಳಿಗೆ ಕೊನೆಯಿಲ್ಲ. ಕೊನೆಯಿಲ್ಲದಷ್ಟು ದಿನ ಸಿಕ್ಕರೆ ಆಗಬಹುದಾದದ್ದು ಎಲ್ಲವೂ ಒಂದಲ್ಲ ಒಂದು ದಿನ ಆಗೇ ತೀರಬೇಕು. ಏರಿ ಒಡೆಯೋದು ಸಾಧ್ಯವಿದ್ದಿದ್ದರೆ ಎಂದೋ ಒಡೆದಿರಬೇಕಿತ್ತು. ಒಡೆದಿದ್ದರೆ ಊರು ಇರುತ್ತಿರಲಿಲ್ಲ, ಈ ಪ್ರಶ್ನೆ ಕೇಳೋದಕ್ಕೆ ನಾವೂ ಇರುತ್ತಿರಲಿಲ್ಲ. ನಾವಿದ್ದೇವೆ, ಕೇಳುತ್ತಿದ್ದೇವೆ. ಆದ್ದರಿಂದ ಏರಿ ಒಡೆಯೋದು ಅಸಾಧ್ಯ." ಸಭೆಯಲ್ಲಿ ಚಪ್ಪಾಳೆ ಬಿತ್ತು. ಶಾಲು ಹೊದಿಸಿ ಮನೆಗೆ ಕಳಿಸಿದರು.

ಮನೆಗೆ ಬಂದು ನನ್ನ ಮುಂದೆಯೂ ಒಪ್ಪಿಸಿದರು. ನಾನು ಪಾತ್ರೆ ತೊಳೆಯುತ್ತಿದ್ದೆ. "ಕೊನೆಯಿಲ್ಲದ ದಿನಗಳು ಕಳೆದು ಇವತ್ತು ಬಂತು ಅಂತೀರಲ್ಲ, ಮುಗಿಯದೇ ಇರೋದು ಮುಗೀತು ಹೆಂಗ್ರೀ? ಮುಗಿಯದಷ್ಟು ಪಾತ್ರೆ ತೊಳೆದು ಮುಗಿಸಿ ಬಂದೆ ಅಂತ ನಾನಂದರೆ ನಂಬ್ತೀರಾ?" ಅಂದೆ. "ತೊಳೆಯೋದಕ್ಕೆ ನೀನು ಯಾವತ್ತೂ ಶುರು ಮಾಡಿಲ್ಲದಿದ್ದರೆ ನಂಬಬಹುದು" ಅಂದರು. ಇಂಥವರ ಜೊತೆ ನಾನು ಬಾಳುವೆ ಮಾಡಿದೆ.

ಕೋಡಿ ಮುಚ್ಚಿದರು. ಅಂಗಡಿಗಳು ಎದ್ದವು, ಕಲ್ಯಾಣ ಮಂಟಪದ ಮೊದಲ ಮದುವೆ ಇಂದುವಿನದೇ ಆಯಿತು. ನಮ್ಮವರ ವಾದ ಊರಿಗೆಲ್ಲ ಅಂಟುಜಾಡ್ಯ ಹಬ್ಬಿದ ಹಾಗೆ ಹಬ್ಬಿತು. ಡಾಕ್ಟರು, ನನ್ನ ಔಷಧಿಯಿಂದ ಸತ್ತೆ ಅಂತ ಇದುವರೆಗೆ ಒಬ್ಬ ರೋಗಿಯೂ ಬಂದು ಹೇಳಿಲ್ಲ ಅಂತ ಎದೆ ತಟ್ಟಿಕೊಂಡ. ಬಸ್ಸಿನ ಡ್ರೈವರು, ಘಾಟಿಯಲ್ಲಿ ಉರುಳಿದ ಬಸ್ಸಿನಿಂದ ಯಾರಾದರೂ ಬಂದು ದೂರು ಕೊಟ್ಟಿದ್ದಾರಾ ಅಂತ ಕೇಳಿದ. ತಗ್ಗಿನ ಬೀದಿಯ ಓಂಕಾರಿಯ ಹೋಟೆಲಿನಲ್ಲಿ ಬೆಳಗಿಂದ ಸಂಜೆವರೆಗೆ ಅದೇ ಹರಟೆ. ಓಂಕಾರಿ ವಡೆಗೆ ಹಳೇ ಎಣ್ಣೆ ಹಾಕುತ್ತಿದ್ದದ್ದೂ ಆ ವಾದದಲ್ಲೇ ಅರಗಿಹೋಯಿತು. ಬುದ್ಧಿಯಿಲ್ಲದವರ ಕೈಗೆ ವಾದ ಕೊಟ್ಟರೆ ಹೀಗೇ ಆಗುತ್ತದೆ ಅಂತ ನಾನು ಬೈಯುತ್ತಿದ್ದೆ. ನಮ್ಮವರು ಮಾತ್ರ ಆ ಹೋಟೆಲಿನ ಮುಂದೆ ಹಾದುಹೋಗುವಾಗ ನಡಿಗೆ ನಿಧಾನ ಮಾಡುತ್ತಿದ್ದರು.

ಆ ವರ್ಷ ಮೇಲಿನ ಸೀಮೆಯಲ್ಲಿ ಮಳೆ ಹುಚ್ಚಾಪಟ್ಟೆ ಬಂತು. ನಮ್ಮೂರಿನಲ್ಲಿ ಬಿಸಿಲೇ, ಆದರೆ ಹಳ್ಳಗಳು ಬಂದು ಕೆರೆ ಏರುತ್ತಲೇ ಹೋಯಿತು. ಇಂದುಗೆ ಆಗ ದಿನ ತುಂಬುತ್ತಿತ್ತು. ಚೊಚ್ಚಲ ಹೆರಿಗೆ, ತವರಿಗೆ ಕರೆದುಕೊಂಡು ಬರಬೇಕು ತಾನೇ? ಕೇಳಲು ಹೋದರೆ ಬೀಗಿತ್ತಿ ಶಾಂತವೀರಮ್ಮನವರು ಕೂತಲ್ಲಿಂದ ಏಳದೆ, "ನಿಮ್ಮ ಮನೆ ಬಂಡೆ ಮೇಲಿದೆ. ಆಳದ ಮನೆಯ ಮಗು ಆಳದ ನೆಲದ ಮೇಲೇ ಹುಟ್ಟಬೇಕು, ಇದು ನಮ್ಮ ಪದ್ಧತಿ" ಅಂದುಬಿಟ್ಟರು. ಇಂದು ಬಾಗಿಲ ಸಂದಿಯಿಂದ ನನ್ನ ಮುಖ ನೋಡುತ್ತಿದ್ದಳು. ಕಾಲು ಬಾತುಕೊಂಡಿದ್ದವು, ಮುಖ ಬಿಳಿಚಿತ್ತು. ಹೆಣ್ಣು ಕೊಟ್ಟವರು ನಾವು, ಜೋರು ಮಾಡುವ ಹಾಗಿರಲಿಲ್ಲ.

ಹೊರಡುವ ಮುಂಚೆ ಬೀಗಿತ್ತಿ ನಮ್ಮಿಬ್ಬರನ್ನೂ ಹಿತ್ತಲಿಗೆ ಕರೆದರು. ಅವರ ಗುಂಡಿಯ ಅಡಿಯಲ್ಲಿ ನೀರು ಉಕ್ಕಿತ್ತು. ಕೆಂಪಗೆ, ಬಗ್ಗಡವಾಗಿ ಗೋಡೆಯಿಂದ ಜಿನುಗುತ್ತಿತ್ತು. "ಗಂಗೆ ತಾನಾಗೇ ಬಂದಿದ್ದಾಳೆ, ಸೊಸೆಯ ಕಾಲ್ಗುಣ" ಅಂತ ಹೇಳಿ ಬೀಗಿತ್ತಿ ಹೂವು ಎಸೆದರು. ನಮ್ಮವರು ಅಂಚಿನಲ್ಲಿ ಕೂತು ಬಹಳ ಹೊತ್ತು ಇಣುಕಿದರು. ನೀರನ್ನಲ್ಲ, ಗೋಡೆಯನ್ನು. ಮನೆಗೆ ಬಂದು ಊಟಕ್ಕೆ ಕೂತರು, ಅನ್ನ ಕಲಸಿದರು, ತಿನ್ನಲಿಲ್ಲ.

"ಇವಳೇ, ಆ ನೆಲಗಳ ಮಧ್ಯೆ ಇರೋದು ಏನು?" ಅಂದರು. "ಮಣ್ಣು" ಅಂದೆ. "ಯಾವ ಮಣ್ಣು?" "ಕೆರೆ ಮಣ್ಣು, ಮತ್ತಿನ್ನೇನು. ನುಣ್ಣಗಿದೆ ಅಂತ ಊರಿನವರೆಲ್ಲ ಪಾತ್ರೆ ತಿಕ್ಕೋಕೆ ಅದನ್ನೇ ತರೋದು." ಹೇಳಿದ ಮೇಲೆ ನನಗೂ ಹೊಳೆಯಿತು. ಗುಂಡಿ ತೋಡಿದವರು, ಇಣುಕಿದವರು, ಪಾತ್ರೆ ತಿಕ್ಕಿದವರು, ಎಲ್ಲರಿಗೂ ಗೊತ್ತಿದ್ದ ಸಂಗತಿ. ಒಲೆಗಳನ್ನು ನೋಡಿ ಹಿಗ್ಗಿದ್ದೇ ಹಿಗ್ಗಿದ್ದು, ಒಂದು ಒಲೆಯ ಮೇಲೆ ಕೆರೆಯ ಮಣ್ಣು ಹೇಗೆ ಬಂತು ಅಂತ ಕೇಳಿದವರು ಯಾರೂ ಇಲ್ಲ. ನಾನೂ ಕೇಳಿರಲಿಲ್ಲ. ನಮ್ಮವರು ಕೈ ತೊಳೆದು ಬಂದು ಗೋಡೆಗೆ ಒರಗಿ ಕೂತರು. "ಏರಿ ಒಡೆದಿದೆ ಕಣೇ. ಆದಿಯಿಲ್ಲದ ಕಾಲದಿಂದ ಒಡೀತಾನೇ ಇದೆ. ಒಡೆದಾಗ ಬೀದಿಯಲ್ಲಿದ್ದವರು ಎದ್ದು ಬಂದು ಸಾಕ್ಷಿ ಹೇಳಲ್ಲ, ಅಷ್ಟೇ. ಒಡೆಯದೇ ಇರೋ ದಿನ ಮಾತ್ರ ನಾವು ಕೂತು, ಒಡೆದಿಲ್ಲ ನೋಡು ಅಂತ ಮಾತಾಡೋದು. ನಾವಿದ್ದೇವೆ ಅನ್ನೋದು ಏರಿಯ ಬಗ್ಗೆ ಏನೂ ಹೇಳಲ್ಲ. ನಮ್ಮ ಬಗ್ಗೆ ಮಾತ್ರ ಹೇಳುತ್ತೆ." ಆಮೇಲೆ ಮೆಲ್ಲಗೆ, "ಇಂದು ಅಲ್ಲಿದ್ದಾಳೆ" ಅಂದರು.

ಮಾರನೆಯ ಬೆಳಿಗ್ಗೆ ಕೋಟು ಹಾಕಿಕೊಂಡು ಪುರಸಭೆಗೆ ಹೋದರು. ನಂಬಿಕೆ ಸಾಲದೆ ನಾನೂ ಹಿಂದೆ ಹೋದೆ. ಕೋಡಿಯ ಮೇಲಿನ ಅಂಗಡಿ ಒಡೆಸಿ ನೀರು ಬಿಡಿ, ಅಲ್ಲಿಯವರೆಗೆ ತಗ್ಗಿನ ಬೀದಿಯವರನ್ನು ಗುಡ್ಡದ ಛತ್ರಕ್ಕೆ ಕಳಿಸಿ ಅಂತ ಕೈಮುಗಿದು ಕೇಳಿದರು. ತಮ್ಮ ವಾದ ತಪ್ಪು ಅಂದರು. ಎಲ್ಲಿ ತಪ್ಪಿತು ಅನ್ನೋದನ್ನೂ ಬಿಡಿಸಿ ಹೇಳಿದರು, ಮಣ್ಣಿನ ಸಂಗತಿಯನ್ನೂ ಹೇಳಿದರು. ಕಲ್ಲೇಶಪ್ಪ ಎಲೆ ಅಡಿಕೆ ಜಗಿಯುತ್ತ ಪೂರ್ತಿ ಕೇಳಿದ. "ಮೇಷ್ಟ್ರೇ, ಸತ್ಯ ಬದಲಾಗಲ್ಲ ಅಂತ ನೀವೇ ನಮಗೆ ಪಾಠ ಹೇಳಿದ್ದು. ಅವತ್ತು ಶಾಲು ಹೊದಿಸಿಕೊಂಡಾಗ ಅದು ಸತ್ಯ, ಇವತ್ತು ಮಗಳು ಬಸುರಿ ಅಂತ ಸುಳ್ಳಾ?" ಸಭೆಯವರು ಮುಸಿಮುಸಿ ನಕ್ಕರು. ಮಣ್ಣಿಗೂ ಅವರ ಬಳಿ ಉತ್ತರ ಸಿದ್ಧವಿತ್ತು. ಹಳೇ ನೆಲ ಮುಚ್ಚಲು ಪೂರ್ವಿಕರು ಗಾಡಿಯಲ್ಲಿ ತಂದು ಸುರಿಸಿದ್ದಂತೆ. ಅಷ್ಟು ಮಣ್ಣು ಯಾವ ಗಾಡಿಯಲ್ಲಿ ತಂದರು, ಒಲೆಯ ಮೇಲಿದ್ದ ಗಡಿಗೆಯನ್ನೂ ಇಳಿಸದೆ ಯಾಕೆ ಮುಚ್ಚಿದರು ಅಂತ ಕೇಳಿದರೆ, ಪೂರ್ವಿಕರ ಉದಾರತನ ಈಗಿನವರಿಗೆ ಅರ್ಥವಾಗೋದಿಲ್ಲ ಅಂದರು.

ಕೊನೆಗೆ ಎದ್ದು ನಿಂತವನು ನಮ್ಮ ಅಳಿಯ ಪಂಚಾಕ್ಷರಿ. "ಮಾವನವರು ಕ್ಷಮಿಸಬೇಕು. ನೀವು ಹೇಳಿದ ಹಾಗೆ ಊರು ಆದಿಯಿಲ್ಲದ ಕಾಲದಿಂದ ಮುಳುಗುತ್ತಾ ಬಂದಿದ್ದರೆ, ಊರೇ ಇರಬಾರದಾಗಿತ್ತು. ಊರಿದೆ. ಪ್ರತಿ ಸಲ ಮುಳುಗಿದರೂ ಉಳಿಯುವ ಊರಿಗೆ ಮುಳುಗೋದು ಅಪಾಯವೇ ಅಲ್ಲ. ನಿಮ್ಮ ಹೊಸ ವಾದವೂ ಹಳೇ ತೀರ್ಮಾನಕ್ಕೇ ಬರುತ್ತೆ." ಚಪ್ಪಾಳೆ ಬಿತ್ತು. ನಾನು ನಮ್ಮವರ ಮುಖ ನೋಡಿದೆ. ಹೇಳಿದರೆ ನಂಬುವುದಿಲ್ಲ, ಆ ಮುಖದಲ್ಲಿ ಸಂಕಟದ ಜೊತೆಗೆ ಒಂದು ಚೂರು ಹೆಮ್ಮೆಯೂ ಇತ್ತು. ಶಿಷ್ಯ ಚೆನ್ನಾಗಿ ಹೇಳಿದ ಅಂತ. ನನಗೆ ಮೈಯೆಲ್ಲ ಉರಿಯಿತು.

ಹೊರಗೆ ಬಂದು, "ಇನ್ನು ನಿಮ್ಮ ತರ್ಕ ಸಾಕು. ಮನೆಗೆ ನಡೀರಿ, ಹೋಗಿ ಮಲಗಿ, ಎದೆನೋವು ಅನ್ನಿ" ಅಂದೆ. "ನನಗೆ ಎದೆನೋವಿಲ್ಲವಲ್ಲ" ಅಂದರು. "ಬರಿಸಿಕೊಳ್ಳಿ." "ಸುಳ್ಳು ಹೇಳಿ ಮಗಳನ್ನು ಕರೆಸೋದಾ?" "ನಿಜ ಅಂತ ಹೇಳಿ ಊರನ್ನೇ ಕೊಲ್ಲೋಕೆ ಹೊರಟಿದ್ದಿರಿ, ಸುಳ್ಳು ಹೇಳಿ ಒಬ್ಬಳನ್ನು ಉಳಿಸಿಕೊಳ್ಳಿ" ಅಂದೆ. ಆ ಮಾತು ಜಾಸ್ತಿಯಾಯಿತು ಅಂತ ಆಗಲೇ ಗೊತ್ತಾಯಿತು. ಅವರು ಮನೆಗೆ ಬಂದು ಕಂಬಳಿ ಹೊದ್ದು ಮಲಗಿದರು. ನರಳುವುದಕ್ಕೂ ಬರುತ್ತಿರಲಿಲ್ಲ, ಪಾಠ ಒಪ್ಪಿಸುವ ಹಾಗೆ ನರಳುತ್ತಿದ್ದರು. ನಾನು ಸೊಪ್ಪಿನವಳ ಕೈಯಲ್ಲಿ ತಗ್ಗಿನ ಬೀದಿಗೆ ಹೇಳಿಕಳಿಸಿದೆ, ಮೇಷ್ಟ್ರು ಹೋಗೋ ಹಾಗಿದ್ದಾರೆ, ಮಗಳ ಮುಖ ನೋಡಬೇಕಂತೆ ಅಂತ.

ಸಾಯುವವನ ಕೊನೆಯಾಸೆಗೆ ಅಡ್ಡ ಬಂದರೆ ಆಳದ ಮನೆತನಕ್ಕೂ ಕೆಟ್ಟ ಹೆಸರು ತಾನೇ. ಮಧ್ಯಾಹ್ನದ ಹೊತ್ತಿಗೆ ಪಂಚಾಕ್ಷರಿ ಇಂದುವನ್ನು ಎತ್ತಿನ ಗಾಡಿಯಲ್ಲಿ ಕೂರಿಸಿಕೊಂಡು ಗುಡ್ಡ ಹತ್ತಿಸಿದ. ಬೀಗಿತ್ತಿ ಬರಲಿಲ್ಲ, ಮನೆಗೆ ದೀಪ ಹಚ್ಚುವವರು ಬೇಕು ಅಂದರಂತೆ. ಇಂದು ಅಳುತ್ತಾ ಒಳಗೆ ಬಂದು ಅಪ್ಪನ ಕಾಲ ಹತ್ತಿರ ಕೂತಳು. ನಮ್ಮವರು ಕಂಬಳಿಯ ಸಂದಿಯಿಂದ ಅವಳನ್ನು ನೋಡಿದರು. ಎದ್ದು ಕೂತರು. "ಬಂದಾಯ್ತಲ್ಲ, ಇನ್ನು ನಾನು ಸಾಯೋ ಅಗತ್ಯ ಇಲ್ಲ" ಅಂತ ಹೇಳಿ ಕೋಟಿಗೆ ಕೈ ಹಾಕಿದರು.

ಅಳಿಯನ ಮುಖ ಕೆಂಪಗಾಯಿತು. "ಇದು ಮೋಸ. ಇಂದು, ಏಳು, ಹೋಗೋಣ" ಅಂದ. ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ, ದಾಟುವುದಾದರೆ ನನ್ನನ್ನು ದಾಟಿಕೊಂಡು ಹೋಗಪ್ಪ ಅಂದೆ. ಇಂದುವೂ, "ಆ ಗಾಡಿ ಕುಲುಕಾಟಕ್ಕೆ ನನ್ನ ಜೀವ ಹೋಗಿದೆ, ಇವತ್ತು ನಾನು ಎಲ್ಲಿಗೂ ಬರಲ್ಲ" ಅಂತ ಗೋಡೆ ಕಡೆ ತಿರುಗಿ ಮಲಗಿದಳು. ಆಗ ನಮ್ಮವರು ಅಳಿಯನ ಹೆಗಲ ಮೇಲೆ ಕೈಯಿಟ್ಟರು. "ಬೆಳಿಗ್ಗೆ ನೀನು ಹೇಳಿದ್ದರಲ್ಲಿ ಒಂದು ತಪ್ಪಿದೆ. ಊರು ಉಳಿಯೋದು ಬೇರೆ, ಊರಿನವರು ಉಳಿಯೋದು ಬೇರೆ. ನಾನು ಕೆಳಗೆ ಹೋಗಿ ನಿಮ್ಮ ತಾಯಿಯವರನ್ನು ಕರೆದುಕೊಂಡು, ಉಳಿದವರಿಗೂ ಹೇಳಿ ಬರುತ್ತೇನೆ. ಬಂದ ಮೇಲೆ ಇಬ್ಬರೂ ಕೂತು ಇದನ್ನು ಮುಗಿಸೋಣ. ಅಲ್ಲಿಯ ತನಕ ನೀನು ಇಲ್ಲೇ ಇರು." ಪಂಚಾಕ್ಷರಿ ಕೂತ. ಹೆಂಡತಿಗಾಗಿ ಕೂತನೋ, ವಾದ ಗೆಲ್ಲುವ ಆಸೆಗೆ ಕೂತನೋ, ನನಗಂತೂ ಅನುಮಾನವಿದೆ.

ಹೊಸ್ತಿಲಲ್ಲಿ ನಾನು ಅವರ ಕೋಟು ಹಿಡಿದೆ. "ನೀವು ಹೋಗಬೇಡಿ, ಸೊಪ್ಪಿನವಳ ಕೈಯಲ್ಲಿ ಹೇಳಿಕಳಿಸೋಣ" ಅಂದೆ. "ನನ್ನ ವಾದ ಕಣೇ. ವಾಪಸ್ಸು ತರೋದು ನಾನೇ" ಅಂದರು. "ಬರ್ತಾ ಸೊಪ್ಪು ತರಲಾ?" ಅಂತಲೂ ಕೇಳಿದರು. ತನ್ನಿ ಅಂದೆ.

ನಮ್ಮ ಜಗುಲಿಯಿಂದ ತಗ್ಗಿನ ಬೀದಿ ಪೂರ್ತಿ ಕಾಣುತ್ತಿತ್ತು. ಅವರು ಬೀಗರ ಮನೆಯೊಳಗೆ ಹೋದದ್ದು ಕಂಡಿತು, ಒಬ್ಬರೇ ಹೊರಗೆ ಬಂದದ್ದು ಕಂಡಿತು. ಮನೆಮನೆಯ ಬಾಗಿಲಲ್ಲಿ ನಿಂತು ಕೈ ಮಾಡಿ ಗುಡ್ಡದ ಕಡೆ ತೋರಿಸುತ್ತಿದ್ದರು. ಕೆಲವರು ಮಕ್ಕಳನ್ನು ಎತ್ತಿಕೊಂಡು ಹೊರಟರು, ಹೆಚ್ಚಿನವರು ಬಾಗಿಲು ಹಾಕಿಕೊಂಡರು. ಕೊನೆಗೆ ಓಂಕಾರಿಯ ಹೋಟೆಲಿನ ಮುಂದೆ ಬಂದರು. ಅಲ್ಲಿ ಕಲ್ಲೇಶಪ್ಪನೂ ಇದ್ದ, ಅವನ ಬಿಳೀ ಪೇಟ ಕಾಣುತ್ತಿತ್ತು. ಬೆಂಚಿನ ಮೇಲೆ ಜಾಗ ಮಾಡಿಕೊಟ್ಟರು. ನಮ್ಮವರು ಕೂರಲಿಲ್ಲ. ನಿಂತುಕೊಂಡೇ ಬೆರಳು ಮಡಿಸಿ ಮಡಿಸಿ ಹೇಳುತ್ತಿದ್ದರು, ಸುತ್ತ ಜನ ಸೇರಿದರು. ವಾದಕ್ಕೆ ನಿಂತರೆ ಅವರಿಗೆ ಹೊತ್ತು ಗೊತ್ತಾಗುವುದಿಲ್ಲ. ಬನ್ರೀ ಸಾಕು, ಆ ಮುಠ್ಠಾಳರಿಗೆ ಏನು ಹೇಳ್ತೀರಿ ಅಂತ ನಾನು ಜಗುಲಿಯ ಮೇಲೆ ನಿಂತು ಗೊಣಗುತ್ತಿದ್ದೆ.

ಏರಿ ಒಡೆಯುವಾಗ ದೊಡ್ಡ ಸದ್ದೇನೂ ಆಗಲಿಲ್ಲ. ನಡುವೆ ಒಂದು ಕಡೆ ಕುಸಿಯಿತು, ಅಷ್ಟೇ. ಕೆಂಪು ನೀರು ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು. ಹೋಟೆಲಿನ ಮುಂದಿದ್ದವರು ತಿರುಗಿ ನೋಡಿದ್ದು ಮಾತ್ರ ನನಗೆ ಕಂಡಿತು. ಆ ವಾದ ಎಲ್ಲಿಗೆ ಬಂದಿತ್ತು, ನಮ್ಮವರು ಗೆಲ್ಲುತ್ತಿದ್ದರೋ ಸೋಲುತ್ತಿದ್ದರೋ ಅಂತ ಹೇಳುವುದಕ್ಕೆ ಅಲ್ಲಿದ್ದವರು ಒಬ್ಬರೂ ಉಳಿಯಲಿಲ್ಲ. ನಾನು ಎದೆ ಬಡಿದುಕೊಂಡು ಅತ್ತೆ. ಬದುಕಿದ್ದಾಗ ಒಂದು ದಿನವೂ ಆ ಮನುಷ್ಯನನ್ನು ಬೈಯದೆ ಬಿಟ್ಟಿರಲಿಲ್ಲ, ಅವತ್ತಿನಿಂದ ಬೈಯಲು ಯಾರೂ ಇಲ್ಲದೆ ಮನೆ ಬಣಗುಟ್ಟಿತು. ಇಂದುಗೆ ಆ ವಾರವೇ ಹೆರಿಗೆಯಾಯಿತು, ಬಂಡೆಯ ಮೇಲಿನ ಮನೆಯಲ್ಲಿ. ಹೆಣ್ಣು ಮಗು.

ನೀರು ಇಳಿದ ಮೇಲೆ ತಗ್ಗಿನ ಬೀದಿ ಇದ್ದ ಜಾಗದಲ್ಲಿ ಹಾಸಿಗೆ ಹಾಸಿದಷ್ಟು ಸಮನಾಗಿ ಮಣ್ಣು ಕೂತಿತ್ತು. ನುಣ್ಣನೆಯ ಕೆರೆ ಮಣ್ಣು. ಉಳಿದವರು ಅಂದರೆ ಗುಡ್ಡದ ಕಡೆಯವರು, ಅವತ್ತು ಹೊಲಕ್ಕೆ ಹೋಗಿದ್ದವರು, ನಮ್ಮವರ ಮಾತು ಕೇಳಿ ಹೊರಟಿದ್ದ ಕೆಲವರು. ಒಂದು ವರ್ಷ ಅತ್ತರು. ಆಮೇಲೆ ಮಣ್ಣು ಒಣಗಿ ಗಟ್ಟಿಯಾಯಿತಲ್ಲ, ಜಾಗ ಎಷ್ಟು ಚೆನ್ನಾಗಿದೆ ಅಂತ ಯಾರೋ ಅಂದರು. ಒಬ್ಬರು ಗುಡಿಸಲು ಹಾಕಿದರು, ಒಬ್ಬರು ಗೋಡೆ ಎಬ್ಬಿಸಿದರು, ಹೆಂಗಸರು ಸಗಣಿ ತಂದು ನೆಲ ಸಾರಿಸಿದರು. ಏರಿ ಕಟ್ಟಿದರು, ಪಕ್ಕದಲ್ಲಿ ಹೊಸ ಕೋಡಿಯನ್ನೂ ಬಿಟ್ಟರು. ಪಂಚಾಕ್ಷರಿಗೆ ಮಾವನ ಕೆಲಸವೇ ಸಿಕ್ಕಿತು, ತರ್ಕಶಾಸ್ತ್ರದ್ದು. ತಾಯಿ ಹೋದ ಸಂಕಟಕ್ಕೆ ಅವನು ಬಹಳ ದಿನ ಮಾತೇ ಆಡಿರಲಿಲ್ಲ. ಪಾಪ ಅಂತ ನಾನೇ ತುತ್ತು ಮಾಡಿ ಉಣಿಸಿದ್ದೆ. ಮಾತು ಬಂದ ಮೇಲೆ ಅವನು ಮೊದಲು ಹೇಳಿದ್ದು ಏನು ಗೊತ್ತಾ? "ನೋಡಿ ಅತ್ತೆ, ಎಲ್ಲ ಆದ ಮೇಲೂ ನಾವಿದ್ದೀವಿ. ಊರು ಮುಳುಗಿದ್ದರೆ ನಾವಿರುತ್ತಿದ್ದೆವಾ? ಮುಳುಗಿದ್ದು ಊರಲ್ಲ, ಒಂದು ಬೀದಿ." ಕೆಲವು ವರ್ಷ ಕಳೆದ ಮೇಲೆ ಬೀದಿ ಅನ್ನೋದೂ ಹೋಗಿ ಕೆಲವು ಮನೆ ಆಯಿತು. ಈಗ ಕಾಲೇಜಿನ ಹುಡುಗರನ್ನು ಕೇಳಿದರೆ, ಹಿಂದೊಮ್ಮೆ ಜೋರು ಮಳೆ ಬಂದಿತ್ತಂತೆ ಅನ್ನುತ್ತಾರೆ.

ಹೊಸ ಅಧ್ಯಕ್ಷ ಹೊಸ ಕೋಡಿಯ ಪಕ್ಕ ಅಂಗಡಿಗೆ ಜಾಗ ಅಳೆಸುತ್ತಿದ್ದಾನೆ ಅಂತ ಸುದ್ದಿ ಬಂದ ದಿನ ನನಗೆ ತಡೆಯಲಾಗಲಿಲ್ಲ. ಇವರಿಗೆ ಬಾಯಲ್ಲಿ ಹೇಳಿ ಉಪಯೋಗವಿಲ್ಲ. ಬರೆಸಿಡೋಣ ಅಂದರೆ, ಕೆಳಗಿನ ನೆಲಗಳಲ್ಲಿ ಗಡಿಗೆಗಳ ಮೇಲೆ ಸಿಕ್ಕ ಅಕ್ಷರ ನಮಗೆ ಒಂದೂ ಓದಲು ಬರುವುದಿಲ್ಲ, ನಮ್ಮ ಅಕ್ಷರ ಮುಂದಿನವರಿಗೆ ಬರುತ್ತದೆ ಅಂತ ಯಾವ ನಂಬಿಕೆ? ಕಲ್ಲುಕುಟಿಗ ಮುದ್ದಣ್ಣನ ಹತ್ತಿರ ಹೋದೆ. "ಒಂದು ಕೈ ಕೆತ್ತಿಕೊಡಪ್ಪ. ದಾರಿ ಕೇಳಿದವರಿಗೆ ಹೀಗೆ ಹೋಗಿ ಅಂತ ತೋರಿಸಲ್ಲವಾ, ಆ ಥರ. ತಗ್ಗಿನ ಬೀದಿಯಲ್ಲಿ ಮಲಗಿಸಿ, ಬೆರಳು ಗುಡ್ಡದ ಕಡೆಗೆ ಬರೋ ಹಾಗೆ ಹೂಳಿಡೋಣ. ಮುಂದೆ ಯಾರಾದರೂ ಅಗೆದರೆ, ಓಡಬೇಕಾದ ದಿಕ್ಕು ಯಾವುದು ಅಂತಲಾದರೂ ತಿಳಿಯಲಿ" ಅಂದೆ. ನಮ್ಮವರು ಅವತ್ತು ಮನೆಮನೆಯ ಬಾಗಿಲಲ್ಲಿ ನಿಂತು ತೋರಿಸಿದ ಕೈ ನನ್ನ ಕಣ್ಣಲ್ಲಿತ್ತು.

ಮುದ್ದಣ್ಣ ಕೆಲಸ ಮುಗಿಸಿ ಹೇಳಿಕಳಿಸಿದ. ಹೋಗಿ ಮೇಲಿನ ಗೋಣಿಚೀಲ ಸರಿಸಿದೆ. ಮಣಿಕಟ್ಟಿನವರೆಗೆ ಒಂದು ಕೈ, ಬೆರಳುಗಳು ಕೂಡಿಕೊಂಡಿದ್ದವು. ನಾನು ಅದರ ಮುಂದೆ ಕೂತು ಬೆರಳುಗಳನ್ನು ಮುಟ್ಟಿ ಮುಟ್ಟಿ ನೋಡಿದೆ. ಯಾಕಮ್ಮಾವ್ರೇ, ಚೆನ್ನಾಗಿ ಬಂದಿಲ್ಲವಾ ಅಂತ ಮುದ್ದಣ್ಣ ಕೇಳಿದ. ಮದುವೆಯಾಗಿ ಬಂದಾಗಿನಿಂದ ಈ ಕೈಗೆ ನಾನು ಕುಂಕುಮ ಹಚ್ಚಿದ್ದೆ. ಓಡಿ ಅಂತ ಹೇಳಲು ಮಲಗಿಸಿದ್ದ ಕೈಯನ್ನು ಎತ್ತಿ ನಿಲ್ಲಿಸಿ, ಹೆದರಬೇಡಿ ಅನ್ನುತ್ತಿದೆ ಅಂತ ಹೇಳಿಕೊಂಡು ಬಂದೆವು. ನೆಲಕ್ಕೊಂದು ಕಲ್ಲು, ಕಲ್ಲಿಗೊಬ್ಬಳು ಮುದುಕಿ. ಕೆಳಗೆ ತಳವಿಲ್ಲದಷ್ಟು ಆಳದವರೆಗೆ, ಗಂಡನನ್ನೋ ಮಗನನ್ನೋ ಕಳೆದುಕೊಂಡು, ಉಳಿದವರ ದಡ್ಡತನಕ್ಕೆ ಹಲ್ಲು ಕಡಿಯುತ್ತಾ ಕಲ್ಲುಕುಟಿಗನ ಮುಂದೆ ಕೂತವರು. ಈ ಊರಿನಲ್ಲಿ ಆದಿಯಿಲ್ಲದ್ದು ಅಂತ ಏನಾದರೂ ಇದ್ದರೆ ಅದು ಆ ಮುದುಕಿಯರ ಸಿಟ್ಟು.

ಆದರೂ ಕಲ್ಲನ್ನು ತಂದೆ, ಹೂಳಲಿಲ್ಲ. ಹೂತಿಟ್ಟು ಏನಾಯಿತು ಅಂತ ಗೊತ್ತಾಯಿತಲ್ಲ. ತಗ್ಗಿನ ಬೀದಿಯ ನಟ್ಟನಡುವೆ, ಎಲ್ಲರೂ ಎಡವುವ ಜಾಗದಲ್ಲಿ, ಬೆರಳು ಗುಡ್ಡದ ಕಡೆಗೆ ಮಾಡಿ ಮಲಗಿಸಿದೆ. ಇದು ದೇವರಲ್ಲ, ದಾರಿ, ಎತ್ತಬೇಡಿ ಅಂತ ಬಂದವರಿಗೆಲ್ಲ ಹೇಳಿದೆ. ಮಾರನೆಯ ದಿನ ಹೋಗಿ ನೋಡಿದರೆ ಪಂಚಾಕ್ಷರಿ ನಾಲ್ಕು ಜನರ ಜೊತೆ ಸೇರಿ ಅದನ್ನು ನೆಟ್ಟಗೆ ನಿಲ್ಲಿಸಿದ್ದ. ಅರಿಶಿನ, ಕುಂಕುಮ, ಒಂದು ಮೊಳ ಮಲ್ಲಿಗೆ. "ಬಿದ್ದಿತ್ತು ಅತ್ತೆ, ಎತ್ತಿದೆವು" ಅಂದ. ಬಿದ್ದಿರಲಿಲ್ಲ ಕಣೋ, ಮಲಗಿಸಿದ್ದು ನಾನು ಅಂದರೆ, ವಯಸ್ಸಾಯಿತು ಅಂತ ಇಂದುವಿನ ಕಡೆ ಕಣ್ಣು ಮಾಡಿದ. ನಾನು ಹಾರೆ ತಂದು ಎಲ್ಲರ ಮುಂದೆಯೇ ಅದನ್ನು ಮಲಗಿಸಿದೆ. ಸಂಜೆಗೆ ಮತ್ತೆ ನಿಲ್ಲಿಸಿದರು. ಅಂದಿನಿಂದ ಇದೇ ನಡೆಯುತ್ತಿದೆ. ಅಜ್ಜಿಗೆ ಅರಳುಮರಳು ಅಂತ ಊರೆಲ್ಲ ಮಾತು. ಮೊಮ್ಮಗಳು ಒಬ್ಬಳು ಮಾತ್ರ ಮೊನ್ನೆ ಬಂದು ನನ್ನ ಪಕ್ಕ ನಿಂತಳು. ಅವಳಾದರೂ ಹಾರೆಯ ಇನ್ನೊಂದು ತುದಿ ಹಿಡಿಯುತ್ತಾಳೆ ಅಂದುಕೊಂಡೆ. ಅವಳು ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಕಲ್ಲಿಗೆ ಕೈಮುಗಿದಳು. ಮನೆಯಲ್ಲಿ ಹಾಗೆ ಹೇಳಿಕೊಟ್ಟಿದ್ದಾರೆ. ಏರಿಯ ಬುಡದಲ್ಲಿ ಈಗ ನೀರು ಜಿನುಗುತ್ತಿದೆ, ಇನ್ನೂ ತಿಳಿಯಾಗಿದೆ, ಕೆಂಪಾಗಿಲ್ಲ. ಬೆಳಿಗ್ಗೆ ಹಾರೆ ತೆಗೆದುಕೊಂಡು ಹೋಗಬೇಕು.